ಫಾರ್ವರ್ಡ್ ಮಾಡಿದ ಮೇಲೆ

2018ರ ಆಗಸ್ಟ್ ಮಧ್ಯದಲ್ಲಿ ಕೊಡಗಿನಲ್ಲಿ ಬರೆ ಕುಸಿದು, ಮಡಿಕೇರಿ–ಸಂಪಾಜೆ ಹೆದ್ದಾರಿ ಮದೆನಾಡು, ಜೋಡುಪಾಲದ ಬಳಿ ಕಡಿದುಹೋಯಿತು. ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಕಾಲೂರು ಕಡೆಯ ಎಷ್ಟೋ ಮನೆಗಳಿಗೆ ದಾರಿಯೇ ಉಳಿಯಲಿಲ್ಲ. ಅದೇ ವಾರ ಪಕ್ಕದ ಕೇರಳದಲ್ಲಿ 1924ರ ನಂತರದ ಅತಿ ದೊಡ್ಡ ನೆರೆ. ಕಾಪಾಡಿ ಎಂಬ ಮೊರೆ, ರಸ್ತೆ ಮುಚ್ಚಿದ ಸುದ್ದಿ, ಬ್ಯಾಂಕ್ ಖಾತೆಯ ವಿವರ, ಅಣೆಕಟ್ಟೆ ಒಡೆಯಿತೆಂಬ ಪುಕಾರು ಎಲ್ಲವೂ ಒಂದೇ ಮೊಬೈಲಿಗೆ ಒಂದೇ ವೇಗದಲ್ಲಿ ಬಂದು ಬಿದ್ದವು. 2019ರಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರದ ನೆರೆ, 2021ರಲ್ಲಿ ಕೋವಿಡ್ ಎರಡನೇ ಅಲೆ, 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲದ ಭೂಕುಸಿತ. ಆಗೆಲ್ಲ ನಡೆದದ್ದೂ ಇದೇ. ಜನರ ಕೈಯಲ್ಲಿರುವ ಈ ಸಾಧನ ಸರ್ಕಾರಿ ವ್ಯವಸ್ಥೆಗೆ ಊರುಗೋಲೋ, ಕಾಲಿಗೆ ತೊಡರುವ ಹಗ್ಗವೋ ಎಂಬ ವಾದ ಇನ್ನೂ ಮುಗಿದಿಲ್ಲ.

ಆ ವಾದವನ್ನು ಇಲ್ಲಿ ಇಬ್ಬರ ಬಾಯಲ್ಲಿ ಇಡಲಾಗಿದೆ. ಒಬ್ಬರು ಕಂದಾಯ ಇಲಾಖೆಯಿಂದ ನಿವೃತ್ತರಾದ ಹಿರಿಯರು. ಗಂಜಿ ಕೇಂದ್ರಗಳ ಉಸ್ತುವಾರಿ ನೋಡಿ, ದಾಸ್ತಾನು ಪುಸ್ತಕಕ್ಕೆ ಸಹಿ ಹಾಕಿ ಅಭ್ಯಾಸವಾದವರು. ಇನ್ನೊಬ್ಬಳು ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ. ನೆರೆಯ ದಿನಗಳಲ್ಲಿ ಗೆಳೆಯರ ಜೊತೆ ಸೇರಿ ಮೊರೆಗಳ ಪಟ್ಟಿ ನಿಭಾಯಿಸಿದವಳು.

ವಿಪತ್ತಿಗಿಂತ ಮುಂಚೆ ಬರುವುದು ಮುನ್ನೆಚ್ಚರಿಕೆ. ರಾಜ್ಯದಲ್ಲಿ ಇದರ ಮೂಲ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳ ಲೆಕ್ಕ ಅಲ್ಲಿಗೆ ತಾನಾಗಿಯೇ ಬಂದು ಸೇರುತ್ತದೆ. ರೈತರು ಕೇಳಿ ತಿಳಿಯಲು ‘ವರುಣ ಮಿತ್ರ’ ಸಹಾಯವಾಣಿ, ಸಿಡಿಲಿನ ಎಚ್ಚರಿಕೆಗೆ ‘ಸಿಡಿಲು’ ಆ್ಯಪ್ ಇವೆ. 2023ರ ಅಕ್ಟೋಬರ್ 12ರಂದು ರಾಜ್ಯದ ಮೊಬೈಲ್‌ಗಳು ಏಕಾಏಕಿ ಜೋರಾಗಿ ಸದ್ದು ಮಾಡಿ ಜನ ಬೆಚ್ಚಿಬಿದ್ದದ್ದು ನೆನಪಿರಬಹುದು. ಅದು ಟವರ್ ವ್ಯಾಪ್ತಿಯ ಎಲ್ಲ ಫೋನ್‌ಗಳಿಗೂ ಒಮ್ಮೆಲೇ ಎಚ್ಚರಿಕೆ ಕಳಿಸುವ ವ್ಯವಸ್ಥೆಯ ಪರೀಕ್ಷೆ. ಯಾರ ನಂಬರನ್ನೂ ಕೇಳದ, ಯಾವ ಗ್ರೂಪಿಗೂ ಸೇರಬೇಕಿಲ್ಲದ ವ್ಯವಸ್ಥೆ ಅದು.

ಹಿರಿಯರು: ನೋಡಮ್ಮ, ಎಚ್ಚರಿಕೆ ಅನ್ನೋದು ಒಂದೇ ಬಾಯಿಂದ ಬರಬೇಕು. ಹತ್ತು ಬಾಯಿಂದ ಬಂದರೆ ಅದು ಗದ್ದಲ. 2015ರಲ್ಲಿ ಚೆನ್ನೈ ಮುಳುಗಿದಾಗ ಮೊಸಳೆ ಪಾರ್ಕಿನಿಂದ ಮೊಸಳೆಗಳು ತಪ್ಪಿಸಿಕೊಂಡಿವೆ ಅಂದರು. ನಾಸಾದವರೇ ಹೇಳಿದ್ದಾರೆ, ಇನ್ನೂ ಭಾರಿ ಮಳೆ ಇದೆ ಅಂದರು. ಎರಡೂ ಸುಳ್ಳು. 2018ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟೆ ಬಿರುಕು ಬಿಟ್ಟಿದೆ ಅನ್ನೋ ಆಡಿಯೋ. ಅದನ್ನ ಕೇಳಿ ಮಕ್ಕಳು ಮರಿ ಕಟ್ಟಿಕೊಂಡು ರಾತ್ರೋರಾತ್ರಿ ಓಡಿ ಯಾರಾದರೂ ಸತ್ತಿದ್ದರೆ ಹೊಣೆ ಯಾರದು?

ಯುವತಿ: ಆ ಆಡಿಯೋ ಸುಳ್ಳು ಅಂತ ಪೊಲೀಸರು ಹೇಳಿದ್ದೂ ಜನಕ್ಕೆ ಮುಟ್ಟಿದ್ದು ಅದೇ ಮೊಬೈಲಿನಲ್ಲಿ ಸರ್. ಟಾಂಟಾಂ ಹೊಡೆಸಿ ಅಲ್ಲ.

ಹಿರಿಯರು: ಸುಳ್ಳು ಹೋದಷ್ಟು ದೂರ ಸ್ಪಷ್ಟನೆ ಹೋಗಲ್ಲ. ಕೊಡಗಿನ ಮಳೆಗೆ ಒಂದು ತಿಂಗಳ ಹಿಂದೆ, ಜುಲೈನಲ್ಲಿ, ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಏನಾಯ್ತು? ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸ್‌ಆ್ಯಪ್ ಸುದ್ದಿ ನಂಬಿ, ಹೈದರಾಬಾದಿನಿಂದ ಬಂದಿದ್ದ ಹುಡುಗನನ್ನ ಹೊಡೆದು ಕೊಂದರು. ಅದೇ ಫೋನು, ಅದೇ ಜನ, ಅದೇ ಬೆರಳು. ಮಳೆ ಬಂದ ತಕ್ಷಣ ಆ ಬೆರಳಿಗೆ ವಿವೇಕ ಬಂದುಬಿಡುತ್ತಾ?

ಯುವತಿ: ಬರಲ್ಲ, ಒಪ್ತೀನಿ. ಆದರೆ ನಿಮ್ಮ ಒಂದೇ ಬಾಯಿ ಏನು ಹೇಳುತ್ತೆ? ‘ಕೊಡಗು ಜಿಲ್ಲೆಗೆ ರೆಡ್ ಅಲರ್ಟ್’. ಸರಿ, ಯಾವ ಬೆಟ್ಟ? ಯಾವ ತೋಟ? ಅದನ್ನ ಯಲಹಂಕದಿಂದ ಯಾರೂ ಹೇಳೋಕಾಗಲ್ಲ. ಕಾಫಿ ಗಿಡಗಳ ನಡುವೆ ನೆಲ ಬಾಯಿ ಬಿಟ್ಟಿದೆ, ಮನೆ ಹಿಂದಿನ ತೊರೆ ಕೆಂಪಗೆ ಹರೀತಿದೆ ಅಂತ ಮೊದಲು ನೋಡೋರು ಅಲ್ಲಿರೋರೇ. ಅವರು ಅದನ್ನ ಫೋಟೊ ತೆಗೆದು ಗ್ರೂಪಿಗೆ ಹಾಕಿದರೆ ಗದ್ದಲ ಅಂತೀರಲ್ಲ.

ಹಿರಿಯರು: ಫೋಟೊ ಯಾವತ್ತಿನದು? ಎರಡಂತಸ್ತಿನ ಮನೆ ಇಳಿಜಾರಿನಲ್ಲಿ ಹಾಗೇ ಜಾರಿಹೋಗೋ ವಿಡಿಯೋ ಇದೆಯಲ್ಲ, 2018ರದು. ಅದರ ಮೇಲೆ ತಾರೀಕು ಎಲ್ಲಿದೆ? ಮುಂದಿನ ಯಾವ ಮಳೆಗಾಲದಲ್ಲಿ ಬೇಕಾದರೂ ‘ಈಗಷ್ಟೇ’ ಅಂತ ಸೇರಿಸಿ ಬಿಡಬಹುದು. ಹಳೇ ನಿಜವೂ ಒಂದು ಥರ ಸುಳ್ಳೇ.

ಇಲ್ಲಿ ಎರಡು ಸಂಗತಿ ಗಮನಿಸಬೇಕು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 54ನೇ ಕಲಮು, ವಿಪತ್ತಿನ ಬಗ್ಗೆ ಜನರಲ್ಲಿ ದಿಗಿಲು ಹುಟ್ಟಿಸುವ ಸುಳ್ಳು ಎಚ್ಚರಿಕೆಗೆ ಒಂದು ವರ್ಷದವರೆಗಿನ ಜೈಲು ಅಥವಾ ದಂಡ ವಿಧಿಸುತ್ತದೆ. ಇನ್ನೊಂದು, 2018ರ ಸಾಲು ಸಾಲು ಗುಂಪು ಹತ್ಯೆಗಳ ಬಳಿಕ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದೆಂಬ ಮಿತಿ ಹಾಕಿತು. 2020ರಲ್ಲಿ, ಹಲವು ಕೈ ದಾಟಿ ಬಂದ ಸಂದೇಶಕ್ಕೆ ಆ ಮಿತಿ ಒಂದಕ್ಕೆ ಇಳಿಯಿತು. ಈ ಕಡಿವಾಣ ಗಾಳಿಸುದ್ದಿಯನ್ನೂ ನಿಜವಾದ ಎಚ್ಚರಿಕೆಯನ್ನೂ ಒಂದೇ ರೀತಿ ನಿಧಾನ ಮಾಡುತ್ತದೆ. ಎರಡನ್ನೂ ಬೇರ್ಪಡಿಸುವ ಯಂತ್ರ ಇನ್ನೂ ಬಂದಿಲ್ಲ.

ಮುನ್ನೆಚ್ಚರಿಕೆಯ ನಂತರದ್ದು ಮೊರೆ. ಜಾಲತಾಣದ ಪರವಾಗಿ ವಾದಿಸುವವರಿಗೆ ಇಲ್ಲಿ ಬಲವಾದ ಸಾಕ್ಷ್ಯ ಸಿಗುತ್ತದೆ. 2011ರ ಮಾರ್ಚ್ 11ರ ಸುನಾಮಿಯಲ್ಲಿ ಜಪಾನಿನ ಕೆಸೆನ್ನುಮಾ ನಗರದ ಸಮುದಾಯ ಭವನವೊಂದರಲ್ಲಿ ಜನ ಸಿಕ್ಕಿಬಿದ್ದಿದ್ದರು. ಸುತ್ತ ನೀರು, ಬೆಂಕಿ. ಅಂಗವಿಕಲ ಮಕ್ಕಳ ಕೇಂದ್ರದ ಮುಖ್ಯಸ್ಥೆಯೊಬ್ಬರು ಅಲ್ಲಿಂದ ಮನೆಯವರಿಗೆ ಮೇಲ್ ಕಳಿಸಿದರು. ಲಂಡನ್‌ನಲ್ಲಿದ್ದ ಮಗ ಅದನ್ನು ಟ್ವೀಟ್ ಮಾಡಿದ. ಕೈದಾಟಿ ಕೈದಾಟಿ ಅದು ಟೋಕಿಯೊದ ಉಪ ರಾಜ್ಯಪಾಲರ ಕಣ್ಣಿಗೆ ಬಿತ್ತು. ಟೋಕಿಯೊ ಅಗ್ನಿಶಾಮಕ ದಳದ ಹೆಲಿಕಾಪ್ಟರ್ ಹೋಯಿತು. 446 ಜನ ಬದುಕಿದರು. 2018ರಲ್ಲಿ ಕೇರಳ ಇದನ್ನು ಇನ್ನೊಂದು ಬಗೆಯಲ್ಲಿ ಮಾಡಿತು. ರಾಜ್ಯದ ಐಟಿ ಮಿಷನ್, ಎಂಜಿನಿಯರುಗಳ ಸಂಸ್ಥೆ ಐಇಇಇಯ ಸ್ವಯಂಸೇವಕರ ಜೊತೆ ಸೇರಿ ‘ಕೇರಳ ರೆಸ್ಕ್ಯೂ’ ತಾಣ ತೆರೆದು, ಚದುರಿದ್ದ ಮೊರೆಗಳನ್ನು ಒಂದೇ ಕಡೆ ತಂದಿತು.

ಹಿರಿಯರು: ಕೇರಳದಲ್ಲಿ ಜನರನ್ನ ಉಳಿಸಿದ್ದು ತಾಣ ಅಲ್ಲ, ದೋಣಿ. ಸುಮಾರು 65,000 ಜನರನ್ನ ಮೀನುಗಾರರೇ ದಡ ಸೇರಿಸಿದರು ಅಂತ ಅಲ್ಲಿನ ಸರ್ಕಾರದ್ದೇ ಲೆಕ್ಕ. ದೋಣೀನ ಲಾರಿ ಮೇಲೆ ಹೇರಿಕೊಂಡು ಬಂದೋರು ಅವರು. ಅವರೇನು ಟ್ವಿಟರ್ ನೋಡಿ ಹೊರಟಿದ್ರಾ?

ಯುವತಿ: ಹೊರಟಿದ್ದು ತಮ್ಮ ಮನಸ್ಸಿನಿಂದ. ಆದರೆ ಕಡಲಿನವರಿಗೆ ಒಳನಾಡಿನ ಗಲ್ಲಿ ಗೊತ್ತಿರುತ್ತಾ ಸರ್? ಯಾವ ಮನೆಯ ಮಹಡಿಯಲ್ಲಿ ಯಾರಿದ್ದಾರೆ ಅಂತ ಯಾರೋ ಹೇಳಬೇಕಲ್ಲ. ಆ ಊರಿನ ಹುಡುಗರು ಫೋನ್ ಹಿಡಿದು ದೋಣಿ ಹತ್ತಿದ್ದು ಅದಕ್ಕೇ. ದೋಣಿ ಇದ್ದು ದಾರಿ ಗೊತ್ತಿಲ್ಲದಿದ್ದರೂ ಅಷ್ಟೇ, ದಾರಿ ಗೊತ್ತಿದ್ದು ದೋಣಿ ಇಲ್ಲದಿದ್ದರೂ ಅಷ್ಟೇ.

ಹಿರಿಯರು: ಬಯಲು ನಾಡಿಗೆ ಆ ಮಾತು ಸರಿ. ಬೆಟ್ಟಕ್ಕೆ ಬಾ. ಕರೆಂಟ್ ಹೋದ ಮೇಲೆ ಟವರ್ ಬ್ಯಾಟರಿ ಎಷ್ಟು ಗಂಟೆ ಬರುತ್ತೆ? ಜನರೇಟರಿಗೆ ಡೀಸೆಲ್ ತಗೊಂಡು ಹೋಗೋ ರಸ್ತೇನೇ ಕುಸಿದಿದೆ. ಯಾರು ಹೆಚ್ಚು ಕಷ್ಟದಲ್ಲಿದ್ದಾರೋ ಅವರ ಫೋನೇ ಮೊದಲು ಸಾಯೋದು. ಸದ್ದು ಮಾಡೋರು ಯಾರು ಹಾಗಾದರೆ? ಇನ್ನೂ ಸಿಗ್ನಲ್ ಇರೋರು. ನಿಮ್ಮ ಪಟ್ಟಿಯಲ್ಲಿ ಮೇಲೆ ಇರೋರು ಅವರೇ.

ಯುವತಿ: ಬಹಳಷ್ಟು ಮೊರೆ ಒಳಗಿನವರು ಕಳಿಸಿದ್ದೇ ಅಲ್ಲ. ಬೆಂಗಳೂರಿನಲ್ಲಿರೋ ಮಗಳು, ದುಬೈನಲ್ಲಿರೋ ತಮ್ಮ... ‘ಅಮ್ಮ ನಿನ್ನೆ ರಾತ್ರಿಯಿಂದ ಫೋನ್ ಎತ್ತುತ್ತಿಲ್ಲ’ ಅಂತ. ಫೋನ್ ಸತ್ತಿದೆ ಅನ್ನೋದೇ ಅಲ್ಲಿ ಮಾಹಿತಿ.

ಹಿರಿಯರು: ಅದು ಮಾಹಿತಿಯಲ್ಲ, ಆತಂಕ. ಒಬ್ಬ ಅಜ್ಜಿಗೆ ಎಂಟು ಜನ ಮೊಮ್ಮಕ್ಕಳು, ಎಂಟೂ ಜನ ಬರೆದರು ಅಂದುಕೋ. ಕಂಟ್ರೋಲ್ ರೂಮಿನಲ್ಲಿ ಅದು ಎಂಟು ಅಜ್ಜಿ ಆಗುತ್ತೆ.

ಯುವತಿ: ಆಗುತ್ತೆ. ಅದಕ್ಕೇ ನಾವು ಹಾಳೆ ಮಾಡಿದ್ದು. ಒಂದೊಂದು ಮೊರೆಗೂ ಒಂದೊಂದು ಸಾಲು. ಊರು, ಹತ್ತಿರದ ಗುರುತು, ಎಷ್ಟು ಜನ, ವಯಸ್ಸಾದವರು ಇದ್ದಾರಾ, ಔಷಧಿ ಬೇಕಾ, ಕೊನೇ ಸಲ ಅವರ ಜೊತೆ ಮಾತಾಡಿದ್ದು ಎಷ್ಟು ಹೊತ್ತಿಗೆ, ಫೋನ್ ಮಾಡಿ ಖಚಿತ ಮಾಡಿದವರು ಯಾರು. ಒಂದೇ ಮನೆಯದು ಎರಡು ಸಲ ಬಂದರೆ ಹಳದಿ. ಕಡೇ ಕಾಲಂ ‘ಮುಗಿದಿದೆ’.

ಹಿರಿಯರು: ಆ ಕಡೇ ಕಾಲಂ ಎಷ್ಟು ತುಂಬಿತು?

ಯುವತಿ: ಅಲ್ಲೇ ನಾವು ಸೋತಿದ್ದು. ಮೊರೆ ಹಾಕಿದವರು ಅಮ್ಮ ಸಿಕ್ಕಿದ ಕೂಡಲೇ ಅಳ್ತಾ ಅಳ್ತಾ ನಮ್ಮನ್ನ ಮರೀತಾರೆ, ಅದು ಸಹಜ. ಆದರೆ ಅವರು ಬರೆದದ್ದು ಮಾತ್ರ ನಿಲ್ಲಲ್ಲ. ಜನ ಕ್ಯಾಂಪಿನಲ್ಲಿ ಊಟ ಮಾಡ್ತಾ ಕೂತಿದ್ದರೂ ‘ಇವರನ್ನ ಕಾಪಾಡಿ’ ಅನ್ನೋ ಸಂದೇಶ ಊರೂರು ಸುತ್ತುತ್ತಾ ಇರುತ್ತೆ. ಹೊಸಬರು ಯಾರೋ ನೋಡಿ, ಹಾಳೆಗೆ ಮತ್ತೆ ಸೇರಿಸ್ತಾರೆ. ರಕ್ಷಣೆಗೆ ಹೋಗೋ ತಂಡ ಖಾಲಿ ಮನೆಗೆ ಹೋಗುತ್ತೆ.

ಹಿರಿಯರು: ದಾಸ್ತಾನು ಪುಸ್ತಕ ನೋಡಿದ್ದೀಯಾ? ಎಡಗಡೆ ಬಂದದ್ದು, ಬಲಗಡೆ ಹೋದದ್ದು, ಸಂಜೆ ಉಳಿದದ್ದು. ಮೂರೂ ತಾಳೆ ಆಗದೆ ಗುಮಾಸ್ತ ಮನೆಗೆ ಹೋಗೋ ಹಾಗಿಲ್ಲ. ನೀವು ಎಡಗಡೆ ಮಾತ್ರ ಬರೆಯೋಕೆ ಕಲಿತಿದ್ದೀರಿ.

ಯುವತಿ: ಒಪ್ಪಿದೆ. ಈಗ ನಾನೊಂದು ಕೇಳ್ತೀನಿ. ಆ ಪುಸ್ತಕದ ಎಡಗಡೆಗೆ ಸೇರೋಕೆ ಏನು ಬೇಕು? ರೇಷನ್ ಕಾರ್ಡು, ಆಧಾರ್, ಮತದಾರರ ಪಟ್ಟಿ. ಕಾಫಿ ತೋಟದ ಲೈನ್ ಮನೆಯಲ್ಲಿ ಅಸ್ಸಾಮಿನಿಂದ ಬಂದ ಕೂಲಿಯವರು ಇರ್ತಾರೆ. ಇಲ್ಲಿನ ಕಾರ್ಡು ಅವರ ಹತ್ರ ಇಲ್ಲ. ಅವರು ನಿಮ್ಮ ಪುಸ್ತಕದಲ್ಲಿ ಎಲ್ಲಿದ್ದಾರೆ?

ಹಿರಿಯರು: ಊಟಕ್ಕೆ ಕಾರ್ಡು ಕೇಳೋರಿಲ್ಲ. ಗಂಜಿ ಕೇಂದ್ರಕ್ಕೆ ಯಾರು ಬಂದರೂ ಎಲೆ ಹಾಕಲೇಬೇಕು.

ಯುವತಿ: ಊಟ ಸರಿ. ಪರಿಹಾರ? ಮನೆ?

ಹಿರಿಯರು: ಅದಕ್ಕೆ ದಾಖಲೆ ಬೇಕು, ಇಲ್ಲದಿದ್ದರೆ ಆಡಿಟ್‌ನವರು ಬಿಡ್ತಾರಾ? ...ನಿಜ, ಅಲ್ಲಿ ಕೆಲವರು ಜಾರಿಹೋಗ್ತಾರೆ. ಆದರೆ ಆ ಲೈನ್ ಮನೆಯವರು ನಿಮ್ಮ ಹಾಳೆಯಲ್ಲಿ ಇದ್ದರಾ?

ಯುವತಿ: ತೋಟದ ಮಾಲೀಕರ ಮಗ ಬರೆದ ಕಡೆ ಇದ್ದರು. ಬರೆಯದ ಕಡೆ ಇರಲಿಲ್ಲ.

ಬಹುಶಃ ಇಡೀ ವಾದದಲ್ಲಿ ಇಬ್ಬರೂ ಒಟ್ಟಿಗೆ ಸುಮ್ಮನಾಗಬೇಕಾದ ಜಾಗ ಇದು. ಸರ್ಕಾರಿ ದಾಖಲೆಯಲ್ಲಿ ಇಲ್ಲದವರು ಬಹುತೇಕ ಜಾಲತಾಣದಲ್ಲಿಯೂ ಇರುವುದಿಲ್ಲ.

2021ರ ಏಪ್ರಿಲ್–ಮೇ ತಿಂಗಳು ಈ ಚರ್ಚೆಗೆ ಇನ್ನೊಂದು ಮುಖ ಕೊಟ್ಟಿತು. ಆಮ್ಲಜನಕ, ಹಾಸಿಗೆ, ಪ್ಲಾಸ್ಮಾಕ್ಕಾಗಿ ಜನ ಬಹಿರಂಗವಾಗಿ ಮೊರೆಯಿಟ್ಟಾಗ, ಅದನ್ನು ಸುಳ್ಳು ಸುದ್ದಿ ಎಂದು ಕರೆದು ಕೇಸು ಹಾಕುವ ಪ್ರವೃತ್ತಿ ಕೆಲವೆಡೆ ಕಂಡಿತು. ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಸಹಾಯ ಕೇಳುವ ನಾಗರಿಕರ ಬಾಯಿ ಮುಚ್ಚಿಸಿದರೆ ಅದನ್ನು ನ್ಯಾಯಾಂಗ ನಿಂದನೆ ಎಂದು ಪರಿಗಣಿಸುವುದಾಗಿ ಸ್ಪಷ್ಟವಾಗಿ ಹೇಳಿತು. ಅದೇ ವಾರಗಳಲ್ಲಿ ಸಿಲಿಂಡರ್ ಕೊಡುತ್ತೇವೆಂದು ಮುಂಗಡ ಹಣ ಪಡೆದು ಫೋನ್ ಸ್ವಿಚ್‌ಆಫ್ ಮಾಡಿಕೊಂಡವರೂ ಇದ್ದರು. ದೆಹಲಿಯಲ್ಲಂತೂ ಬೆಂಕಿ ಆರಿಸುವ ಸಿಲಿಂಡರಿಗೆ ಬಣ್ಣ ಬಳಿದು ಆಮ್ಲಜನಕದ್ದೆಂದು ಮಾರಿದವರು ಸಿಕ್ಕಿಬಿದ್ದರು.

ಹಿರಿಯರು: ಇದನ್ನೇ ನಾನು ಹೇಳೋದು. ಮೊರೆ ಎಲ್ಲರಿಗೂ ಕಂಡರೆ ಕಳ್ಳನಿಗೂ ಕಾಣುತ್ತೆ. ಹೆಣ್ಣುಮಕ್ಕಳು ತಮ್ಮ ನಂಬರ್ ಹಾಕಿ ಪ್ಲಾಸ್ಮಾ ಕೇಳಿದರೆ, ಅಸಭ್ಯ ಫೋಟೊ ಕಳಿಸಿದವರಿದ್ದಾರೆ. ತಂದೆ ಐಸಿಯುನಲ್ಲಿ, ಮಗಳ ಫೋನಿನಲ್ಲಿ ಇದು.

ಯುವತಿ: ಹಾಸಿಗೆಗೆ ಸಹಾಯವಾಣಿ ಹತ್ತು ಸಲ ಮಾಡಿ, ಹತ್ತು ಸಲವೂ ಬ್ಯುಸಿ ಬಂದ ಮೇಲೆ ಅವಳು ನಂಬರ್ ಹಾಕಿದ್ದು. ಮೊದಲನೇ ಸಲವೇ ಯಾರಾದರೂ ಎತ್ತಿದ್ದರೆ ಹಾಕ್ತಾ ಇರಲಿಲ್ಲ. ನಾವು ಆಮೇಲೆ ಒಂದು ನಿಯಮ ಮಾಡಿಕೊಂಡ್ವಿ: ರೋಗಿಯ ಕಡೆಯವರ ನಂಬರ್ ಹೊರಗೆ ಹಾಕೋದಿಲ್ಲ, ನಮ್ಮದು ಹಾಕ್ತೀವಿ, ಕೆಲಸ ಆದ ದಿನವೇ ಪೋಸ್ಟ್ ಅಳಿಸ್ತೀವಿ.

ಹಿರಿಯರು: ಎಲ್ಲರೂ ನಿಮ್ಮ ಥರ ಇರಲ್ಲ. 2024ರ ಜನವರಿ 1ಕ್ಕೆ ಜಪಾನಿನ ನೋಟೊದಲ್ಲಿ ಭೂಕಂಪ ಆಯ್ತಲ್ಲ, ಆಗ ಎಲ್ಲೋ ದೂರದ ದೇಶದವರು ಅಲ್ಲಿನ ಮೊರೆಗಳನ್ನೇ ನಕಲು ಮಾಡಿ ಹಾಕ್ತಾ ಇದ್ದರಂತೆ, ಹೆಚ್ಚು ಜನ ನೋಡಿದರೆ ಕಂಪನಿಯಿಂದ ದುಡ್ಡು ಸಿಗುತ್ತೆ ಅಂತ. ಕೆಸೆನ್ನುಮಾದ ಕಥೆ 2011ರದು. ಆಗಿನ ಟ್ವಿಟರ್ ಬೇರೆ, ಈಗಿನ ಎಕ್ಸ್ ಬೇರೆ.

ಯುವತಿ: ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಆ ತಾಣಗಳು ನಮ್ಮವಲ್ಲ, ಅವುಗಳ ನಿಯಮಾನೂ ನಮ್ಮ ಕೈಯಲ್ಲಿಲ್ಲ.

ಜೀವ ಉಳಿದ ಮೇಲೆ ಸಾಮಾನು. ಪರಿಹಾರದ ಕೆಲಸದಲ್ಲಿ ಪಳಗಿದವರು ಬೇಡದ ದಾನವನ್ನು ‘ಎರಡನೇ ವಿಪತ್ತು’ ಎನ್ನುವುದುಂಟು. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯ ರಸ್ತೆ ಬದಿಗಳಲ್ಲಿ ಹಳೆ ಬಟ್ಟೆಗಳ ರಾಶಿ ಬಿದ್ದಿತ್ತು. ಆಗ ವಾಟ್ಸ್‌ಆ್ಯಪ್ ಇರಲಿಲ್ಲ. ಅಂದರೆ ದೋಷವನ್ನು ಪೂರ್ತಿ ಮೊಬೈಲಿನ ಮೇಲೆ ಹೊರಿಸುವಂತಿಲ್ಲ. ಮೊಬೈಲ್ ಆ ದೋಷಕ್ಕೆ ಲಾರಿಗಳನ್ನು ಜೋಡಿಸಿತು.

ಹಿರಿಯರು: ಒಂದು ಗೋಣಿಚೀಲ ಬಿಚ್ಚಿದರೆ ಏನಿರುತ್ತೆ ಗೊತ್ತಾ? ಜರಿ ಹೋದ ರೇಷ್ಮೆ ಸೀರೆ, ಮದುವೆ ಕೋಟು, ಒಂಟಿ ಚಪ್ಪಲಿ, ಗುಂಡಿ ಇಲ್ಲದ ಸ್ಕೂಲ್ ಯೂನಿಫಾರಂ, ತಾರೀಕು ಮುಗಿದ ಕೆಮ್ಮಿನ ಸಿರಪ್ಪು. ಹೊರಗೆ ಮಳೆ, ಒಳಗೆ ಜಮಖಾನದ ಮೇಲೆ ಮಲಗಿರೋ ಬಾಣಂತಿ. ಅವಳಿಗೆ ಬೇಕಾಗಿದ್ದು ಒಣಗಿದ ಒಳಲಂಗ, ಮಗುವಿಗೆ ಬಟ್ಟೆ ತುಂಡು. ಅದನ್ನ ಹುಡುಕೋಕೆ ನಾಲ್ಕು ಜನ ಗ್ರಾಮ ಲೆಕ್ಕಿಗರು ಚೀಲ ಬಿಚ್ಚುತ್ತಾ ಕೂರಬೇಕು. ಅವರು ಮಾಡಬೇಕಾಗಿದ್ದ ಮನೆ ಹಾನಿ ಸರ್ವೆ ಹಾಗೇ ನಿಲ್ಲುತ್ತೆ.

ಯುವತಿ: ಕೊಡಗಿಗೆ ಉತ್ತರ ಕರ್ನಾಟಕದಿಂದ ಜೋಳದ ರೊಟ್ಟಿ ಬಂತಲ್ಲ, ಅದೂ ಬೇಡದ ದಾನವೇ?

ಹಿರಿಯರು: ಅದಲ್ಲ. ಖಡಕ್ ರೊಟ್ಟಿ ಕೆಡಲ್ಲ, ಬೇಯಿಸಬೇಕಿಲ್ಲ, ಹಂಚೋಕೆ ಸುಲಭ. ಬರ ನೋಡಿದವರ ಬುದ್ಧಿ ಅದು. ಹಳೇ ಬಟ್ಟೆ ಕಳಿಸೋದು ಅಲಮಾರು ಖಾಲಿ ಮಾಡೋರ ಬುದ್ಧಿ.

ಯುವತಿ: ಹಾಗಾದರೆ ಏನು ಬೇಕು, ಏನು ಸಾಕು ಅಂತ ಅಲ್ಲಿಂದ ಯಾರು ಹೇಳಬೇಕು? ‘ಅಕ್ಕಿ ಸಾಕು, ಬಟ್ಟೆ ಬೇಡ, ಟಾರ್ಪಾಲು, ಸ್ಯಾನಿಟರಿ ಪ್ಯಾಡು, ಟಾರ್ಚು ಬೇಕು’ ಅಂತ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಜಿಲ್ಲಾಡಳಿತವೇ ತನ್ನ ಪುಟದಲ್ಲಿ ಹಾಕಿದರೆ ಲಾರಿ ಅರ್ಧ ದಾರಿಯಲ್ಲೇ ತಿರುಗುತ್ತೆ. 2019ರಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ದನಗಳಿಗೆ ಮೇವು ಬೇಕಾಗಿತ್ತು. ಬೆಂಗಳೂರಿನವರಿಗೆ ಅದು ಹೊಳೆಯೋದೇ ಇಲ್ಲ, ಬಿಸ್ಕತ್ತು ಕೊಳ್ತಾರೆ. ಮೇವು ಬೇಕು ಅಂತ ಅಲ್ಲಿನ ಹುಡುಗರು ವಿಡಿಯೋ ಮಾಡಿ ಹಾಕಿದ ಮೇಲೆ ಗೊತ್ತಾಗೋದು.

ಹಿರಿಯರು: ವಿಡಿಯೋ ಅಂದೆಯಲ್ಲ, ಅದೂ ಒಂದು ಕಾಯಿಲೆ. ಕಂಬಳಿ ಕೊಡುವಾಗ ಕೊಡೋರ ಮುಖ ಕ್ಯಾಮೆರಾ ಕಡೆ, ತಗೊಳ್ಳೋರ ಮುಖ ನೆಲದ ಕಡೆ.

ಯುವತಿ: ಅದು ಅಸಹ್ಯ, ಸರಿ. ಆದರೆ 2018ರಲ್ಲೇ ಹಾಸನ ಜಿಲ್ಲೆಯ ಪರಿಹಾರ ಕೇಂದ್ರದಲ್ಲಿ ಮಂತ್ರಿಗಳೊಬ್ಬರು ಸಂತ್ರಸ್ತರ ಕಡೆ ಬಿಸ್ಕತ್ತು ಪೊಟ್ಟಣ ಎಸೆದದ್ದು ನಾಡಿಗೆ ಗೊತ್ತಾಗಿದ್ದು ಹೇಗೆ? 2015ರಲ್ಲಿ ಚೆನ್ನೈಯಲ್ಲಿ ಪರಿಹಾರದ ಪೊಟ್ಟಣಗಳಿಗೆ ಮುಖ್ಯಮಂತ್ರಿಯ ಚಿತ್ರದ ಸ್ಟಿಕರ್ ಅಂಟಿಸಿದ್ದು? ಯಾರದೋ ಫೋನಿನಿಂದ. ಆ ಕ್ಯಾಮೆರಾ ನಿಮಗೂ ಬೇಕು ಸರ್, ನಿಮ್ಮ ಕಡೆ ತಿರುಗಿದಾಗ ಮಾತ್ರ ಬೇಡ.

ಹಣದ ವಿಷಯ ಇದಕ್ಕಿಂತ ಸೂಕ್ಷ್ಮ. ಮೊಬೈಲಿನಿಂದ ಸಣ್ಣ ದಾನ ಸೇರಿಸಿದರೆ ಎಷ್ಟಾಗಬಹುದೆಂದು ಜಗತ್ತಿಗೆ ತೋರಿಸಿದ್ದು 2010ರ ಹೈಟಿ ಭೂಕಂಪ. ಒಂದು ಎಸ್‌ಎಂಎಸ್‌ಗೆ ಹತ್ತು ಡಾಲರಿನಂತೆ ಅಮೆರಿಕದ ರೆಡ್ ಕ್ರಾಸ್ 3 ಕೋಟಿ ಡಾಲರಿಗೂ ಹೆಚ್ಚು ಸಂಗ್ರಹಿಸಿತು. ಭಾರತದಲ್ಲಿ ಯುಪಿಐ ಬಂದ ಮೇಲೆ ಐವತ್ತು ರೂಪಾಯಿ ಕಳಿಸುವುದು ಚಹಾದ ಬಿಲ್ಲು ಕೊಟ್ಟಷ್ಟೇ ಸುಲಭ. ದಾನಿಯ ಮುಂದೆ ಸಾಮಾನ್ಯವಾಗಿ ಮೂರು ದಾರಿ: ಮುಖ್ಯಮಂತ್ರಿಗಳ ಪರಿಹಾರ ನಿಧಿ, ನೋಂದಾಯಿತ ಸಂಸ್ಥೆಗಳು (ಬೆಂಗಳೂರಿನ ಮಿಲಾಪ್‌ನಂಥ ವೇದಿಕೆಗಳ ಮೂಲಕ ಸಂಗ್ರಹಿಸುವವೂ ಸೇರಿ), ಮತ್ತು ಯಾರದೋ ಸ್ವಂತ ಖಾತೆ. ಮೊದಲೆರಡಕ್ಕೆ ರಸೀದಿ ಉಂಟು. ಆದಾಯ ತೆರಿಗೆಯ 80ಜಿ ವಿನಾಯಿತಿ ಸಿಗುವುದು ಅಂಥ ರಸೀದಿಗೆ, ಅದೂ 2,000 ರೂಪಾಯಿಗೆ ಮೀರಿದ ನಗದು ದಾನಕ್ಕೆ ಇಲ್ಲ. ಮೂರನೆಯದಕ್ಕೆ ನಂಬಿಕೆಯೊಂದೇ ರಸೀದಿ.

ಯುವತಿ: ಪರಿಹಾರ ನಿಧಿಗೆ ಹಾಕಿದ ನನ್ನ ದುಡ್ಡು ಯಾವ ಊರಿಗೆ ಹೋಯ್ತು ಅಂತ ನನಗೆ ಗೊತ್ತಾಗುತ್ತಾ? ಇಲ್ಲ. ನಮ್ಮ ಗೆಳತಿಯ ಖಾತೆಗೆ ಬಂದ ದುಡ್ಡಿನಲ್ಲಿ ಮಾರನೇ ದಿನ ಹಾಸಿಗೆ ಕೊಂಡು, ಅಂಗಡಿ ಬಿಲ್ಲಿನ ಫೋಟೊ ಹಾಕಿದ್ವಿ. ಜನಕ್ಕೆ ತೃಪ್ತಿ ಆಗಿದ್ದು ಆ ಬಿಲ್ಲಿನಿಂದ.

ಹಿರಿಯರು: ಬಿಲ್ಲು ಹಾಕಿದಿರಿ. ಒಟ್ಟು ಎಷ್ಟು ಬಂತು, ಉಳಿದದ್ದು ಎಷ್ಟು, ಹಾಕಿದಿರಾ?

ಯುವತಿ: ಹಾಕಿದ್ವಿ. ಎಲ್ಲರೂ ಹಾಕಲ್ಲ, ಅದೂ ನಿಜ.

ಹಿರಿಯರು: ಉಳಿದ ದುಡ್ಡನ್ನ ಏನು ಮಾಡಬೇಕು ಅನ್ನೋದು ಕೊಟ್ಟವರಿಗೆ ಮೊದಲೇ ಹೇಳಿದ್ದಿರಾ? ಖಾತೆಗೆ ಇದ್ದಕ್ಕಿದ್ದಂತೆ ಲಕ್ಷಗಟ್ಟಲೆ ಬಂದರೆ ಬ್ಯಾಂಕಿನವರು, ತೆರಿಗೆಯವರು ಕೇಳ್ತಾರೆ. ಆ ಹುಡುಗಿ ಏನು ತೋರಿಸಬೇಕು? ಸರ್ಕಾರದ ದುಡ್ಡು ನಿಧಾನ ಅಂತೀಯಲ್ಲ, ನಿಧಾನಕ್ಕೆ ಒಂದು ಕಾರಣ ಇದೆ. ಸತ್ತವರ ಕುಟುಂಬಕ್ಕೆ ವಿಪತ್ತು ಪರಿಹಾರ ನಿಧಿಯಿಂದ ನಾಲ್ಕು ಲಕ್ಷ ಅನ್ನೋದು ನಿಯಮ. ಸತ್ತವರು ಸುಂದರವಾಗಿದ್ದರೂ, ಇಲ್ಲದಿದ್ದರೂ, ಅವರ ಕಥೆ ಯಾರ ಕಣ್ಣಲ್ಲಿ ನೀರು ತರಿಸದಿದ್ದರೂ ಅಷ್ಟೇ. ನಿಮ್ಮ ಕ್ರೌಡ್‌ಫಂಡಿಂಗ್‌ನಲ್ಲಿ ಫೋಟೊ ಚೆನ್ನಾಗಿರೋ ಮಗುವಿಗೆ ಹತ್ತು ಲಕ್ಷ, ಪಕ್ಕದ ಮನೆಯ ಕುಡುಕ ಗಂಡಸಿಗೆ ಸೊನ್ನೆ.

ಯುವತಿ: ಈ ಮಾತಿಗೆ ನಾನು ವಾದ ಮಾಡಲ್ಲ. ಆದರೆ ನಾಲ್ಕು ಲಕ್ಷ ಸಿಗೋದು ಹೆಣ ಸಿಕ್ಕಿದ ಮೇಲೆ, ಮಣ್ಣಿನಡಿ ಸಿಗದೇ ಹೋದವರ ಮನೆಯವರು ಕಚೇರಿಗೆ ಎಷ್ಟು ಅಲೆಯಬೇಕು ಅನ್ನೋದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಈ ಮಾತಿಗೆ ಹಿರಿಯರಿಂದ ತಕ್ಷಣಕ್ಕೆ ಉತ್ತರ ಬರುವುದಿಲ್ಲ. ಮೋಸದ ದಾರಿ ಸರ್ಕಾರಿ ನಿಧಿಯ ಹತ್ತಿರವೂ ಸುಳಿಯುತ್ತದೆ ಎಂಬುದಕ್ಕೆ ವಯನಾಡು ಸಾಕ್ಷಿ. 2024ರಲ್ಲಿ ಕೇರಳ ಸರ್ಕಾರ ಮುಖ್ಯಮಂತ್ರಿಗಳ ನಿಧಿಯ ಕ್ಯೂಆರ್ ಕೋಡ್ ವ್ಯವಸ್ಥೆಯನ್ನೇ ದುರ್ಬಳಕೆಯ ಭಯದಿಂದ ಹಿಂತೆಗೆದುಕೊಂಡು, ಯುಪಿಐ ವಿಳಾಸದ ಮೂಲಕ ಕೊಡಲು ಕೇಳಿಕೊಂಡಿತು. ಕ್ಯೂಆರ್ ಚಿತ್ರವನ್ನು ಕಣ್ಣಿನಿಂದ ಓದಲಾಗದು. ಪೋಸ್ಟರಿನಲ್ಲಿ ಹೆಸರು, ಲಾಂಛನ ಎಲ್ಲ ಹಾಗೇ ಇಟ್ಟು ಆ ಚೌಕವೊಂದನ್ನು ಬದಲಿಸಿದರೆ ದುಡ್ಡು ಬೇರೆಯವರ ಖಾತೆಗೆ ಹೋಗುತ್ತದೆ. ಹಣ ಕಳಿಸುವ ಮುನ್ನ ಪರದೆಯ ಮೇಲೆ ಬರುವ ಖಾತೆದಾರರ ಹೆಸರನ್ನು ಓದುವುದೊಂದೇ ಸಾಮಾನ್ಯ ದಾನಿಯ ಕೈಯಲ್ಲಿರುವ ರಕ್ಷಣೆ. ಆ ದುರಂತದಲ್ಲಿ ಮಡಿದವರಲ್ಲಿ ಚಾಮರಾಜನಗರ, ಮಂಡ್ಯ ಕಡೆಯವರೂ ಇದ್ದುದರಿಂದ ಕನ್ನಡದ ಗ್ರೂಪುಗಳಲ್ಲೂ ಮನವಿಗಳು ಹರಿದಾಡಿದ್ದವು.

ಕೊನೆಗೆ ಉಳಿಯುವುದು ಕಾಲದ ಪ್ರಶ್ನೆ. ಕೊಡಗಿನ ಸಂತ್ರಸ್ತರಿಗೆ ಜಂಬೂರು, ಮದೆನಾಡಿನಲ್ಲಿ ಕಟ್ಟಿದ ಮನೆಗಳ ಕೀಲಿ ಸಿಕ್ಕಿದ್ದು 2020ರ ಜೂನ್‌ನಲ್ಲಿ. ಅಷ್ಟರಲ್ಲಿ ಜಾಲತಾಣ ಇನ್ನೊಂದು ನೆರೆ ದಾಟಿ, ಕೊರೊನಾಕ್ಕೆ ಬಂದಿತ್ತು.

ಹಿರಿಯರು: ನಿಮ್ಮ ಹ್ಯಾಶ್‌ಟ್ಯಾಗಿನ ಆಯುಸ್ಸು ಎರಡು ವಾರ. ಗುಮಾಸ್ತನ ಫೈಲು ಎರಡು ವರ್ಷ ನಡೆಯುತ್ತೆ. ಬೈಸಿಕೊಳ್ಳೋದು ಫೈಲು.

ಯುವತಿ: ಎರಡು ವರ್ಷ ನಡೆಯೋ ಫೈಲು ಎಲ್ಲಿದೆ ಅಂತ ಆರು ತಿಂಗಳಿಗೊಮ್ಮೆ ಕೇಳೋಕೆ ಯಾರಾದರೂ ಬೇಕಲ್ಲ. ನಮ್ಮ ತಪ್ಪು ಏನಂದರೆ, ನಾವು ಕೇಳೋದನ್ನ ಬಿಟ್ಟುಬಿಟ್ವಿ.

ಹಿರಿಯರು: ಹಾಗಾದರೆ ನನ್ನ ಕಡೇ ಮಾತು. ನಿಮ್ಮಂಥವರ ಹೆಸರು ಜಿಲ್ಲಾಡಳಿತದಲ್ಲಿ ಮೊದಲೇ ನೋಂದಣಿ ಆಗಲಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಆಪ್ದಾ ಮಿತ್ರ’ ಅಂತ ಯೋಜನೆ ಇದೆಯಲ್ಲ, ಊರಿನ ಹುಡುಗರಿಗೆ ಹಗ್ಗ ಹಿಡಿಯೋದು, ಪ್ರಥಮ ಚಿಕಿತ್ಸೆ ಮಾಡೋದು ಎಲ್ಲ ಕಲಿಸ್ತಾರೆ. ಅದರ ಜೊತೆ ಫೋನ್ ಕೆಲಸ ಮಾಡೋರನ್ನೂ ಸೇರಿಸಲಿ. ಮಳೆಗಾಲಕ್ಕೆ ಮುಂಚೆ ಒಂದು ಸಭೆ, ಒಂದೇ ಹಾಳೆ, ಆ ಹಾಳೆಗೆ ಒಬ್ಬ ಅಧಿಕಾರಿ ಜವಾಬ್ದಾರಿ.

ಯುವತಿ: ಆ ಹಾಳೆಯಲ್ಲಿ ‘ಆಡಳಿತ ಬರಲೇ ಇಲ್ಲ’ ಅಂತ ಬರೆಯೋ ಸ್ವಾತಂತ್ರ್ಯ ಇರುತ್ತಾ?

ಹಿರಿಯರು: ಹಾಳೆಯಲ್ಲಿ ಬರೀ. ಊರಿಗೆಲ್ಲ ಹಂಚಬೇಡ.

ಯುವತಿ: ಅಲ್ಲಿಗೆ ನಾನು ಬರೋಕಾಗಲ್ಲ ಸರ್. ಹಂಚಬಹುದು ಅನ್ನೋ ಭಯ ಇದ್ದಾಗಲೇ ಕಚೇರಿಯಲ್ಲಿ ಆ ಹಾಳೆ ಓದೋದು.

ಹಿರಿಯರು: ಭಯಕ್ಕೆ ಓದುವವನು ಅವಸರದಲ್ಲಿ ತಪ್ಪು ಮನೆಗೇ ದೋಣಿ ಕಳಿಸ್ತಾನೆ.

ಹೀಗೆ ಇಬ್ಬರೂ ತಮ್ಮ ತಮ್ಮ ಮಾತಿಗೇ ಅಂಟಿಕೊಳ್ಳುತ್ತಾರೆ. ಅವರಲ್ಲಿ ಭಿನ್ನಾಭಿಪ್ರಾಯವಿಲ್ಲದ ಸಂಗತಿಗಳು ಕೆಲವೇ: ಮೊರೆಯ ಸಂದೇಶದಲ್ಲಿ ಊರು, ತಾರೀಕು, ಗಂಟೆ ಇರಬೇಕು, ಮುಂದೆ ಕಳಿಸುವ ಮೊದಲು ಅದರಲ್ಲಿರುವ ನಂಬರಿಗೆ ಒಮ್ಮೆ ಫೋನ್ ಮಾಡಿ ನೋಡಬೇಕು, ಸಹಾಯ ಸಿಕ್ಕಿದ ಮೇಲೆ, ಕಳಿಸಿದ ಎಲ್ಲ ಕಡೆಗೂ ‘ಸಿಕ್ಕಿದೆ, ಇನ್ನು ಹಂಚಬೇಡಿ’ ಎಂದು ತಿಳಿಸಬೇಕು. ತುರ್ತು ಸಹಾಯಕ್ಕೆ 112. ಜಿಲ್ಲಾ ವಿಪತ್ತು ಕಂಟ್ರೋಲ್ ರೂಂ 1077, ರಾಜ್ಯದ್ದು 1070. ದಾನದ ಹೆಸರಿನಲ್ಲಿ ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು; ದೂರು ಬೇಗ ಹೋದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.